ಸೈಡ್ ಬಿ

ಕೇಳಲೇಬೇಕಾದ ಹಾಡು ಯಾವ್ಯಾವು, ಚಿಕ್ಕಮ್ಮಾ,
ಒಂದು ಪಟ್ಟಿ ಬರೆದುಕೊಡು ಅಂದೆಯಲ್ಲ,
ಹಾಲಿನ ಲೆಕ್ಕದ ಚೀಟಿ ಮಗುಚಿ ಹಾಕಿಕೊಂಡು ಕೂತಿದ್ದೇನೆ.
ಹೆಸರೇ ನೆನಪಿಗೆ ಬರುತ್ತಿಲ್ಲ.

ಬಂದರೂ ಪ್ರಯೋಜನವಿಲ್ಲ.
ಆ ಬ್ಯಾಂಡುಗಳೆಲ್ಲ ನನಗೆ ಸಿಕ್ಕಿದ್ದು
ದಾದಾಪೀರನ ಕೈಬರಹದಲ್ಲಿ.
ಮಂಡಿಪೇಟೆಯಲ್ಲಿ, ಒಣಮೆಣಸಿನಕಾಯಿ ಅಂಗಡಿಯ ಮೆಟ್ಟಿಲ ಕೆಳಗೆ
ಆರಡಿಯ ರೆಕಾರ್ಡಿಂಗ್ ಸೆಂಟರು.
ಮುಂದಿನ ಹಲಗೆಯ ಮೇಲೆ ವಚನ, ಕವ್ವಾಲಿ, ಸಿನಿಮಾ;
ಹಿಂದೆ, ಗೋಣಿ ಪರದೆಯ ಆಚೆ, ಇವರು:
ಹೆಗಲ ತನಕ ಕೂದಲು ಬಿಟ್ಟು
ಯಾರ ಮೇಲೋ ಸಿಟ್ಟಾಗಿ ನಿಂತ ನಾಲ್ಕು ಜನ.
ಹುಡುಗಿಯರು ಯಾರೂ ಆ ಪರದೆ ದಾಟುತ್ತಿರಲಿಲ್ಲ.
ನಾನು ಟ್ಯೂಷನ್ನಿನ ದುಡ್ಡು ಮುಷ್ಟಿಯಲ್ಲಿ ಹಿಡಿದು ದಾಟಿದೆ.
ಸಿಕ್ಕಿದ್ದು, ಬೊಂಬಾಯಿ ಲಾರಿಯಲ್ಲಿ ಬಂದ ಕ್ಯಾಸೆಟ್ಟಿನ
ಕಾಪಿಯ ಕಾಪಿಯ ಕಾಪಿ.
ಕಿವಿಗೆ ಬಿದ್ದ ಇಂಗ್ಲಿಷನ್ನು ಬಿದ್ದ ಹಾಗೇ ಕನ್ನಡದಲ್ಲಿ ಬರೆದು
ಲೇಬಲ್ ಅಂಟಿಸುತ್ತಿದ್ದ ಮಾರಾಯ.
ಅವನ ಕಾಗುಣಿತ ನಂಬಿ ಹುಡುಕಿದರೆ
ನಿನ್ನ ಮೊಬೈಲು ಕಕ್ಕಾಬಿಕ್ಕಿ.

ಇರಲಿ, ಬರೆದುಕೋ.

ಮೊದಲನೆಯದು, ಡ್ರಮ್ಮು ಒಂದೇ ಶುರುವಾಗುವುದು.
ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದ ಹಾಗೆ
ಮೊದಲು ಒಂದು, ಆಮೇಲೆ ಎರಡು,
ಆಮೇಲೆ ಎಣಿಸುವುದು ಬಿಟ್ಟುಬಿಡಬೇಕು.
ಎರಡನೆಯದರಲ್ಲಿ ಹಾಡುವವ ಅಳುತ್ತಾನೋ ಬೈಯುತ್ತಾನೋ
ಇವತ್ತಿಗೂ ನನಗೆ ತಿಳಿದಿಲ್ಲ. ಅದಕ್ಕೇ ಕೇಳು.
ಮೂರನೆಯದರಲ್ಲಿ ಗಿಟಾರು ಒಂಟಿಯಾಗಿ ಏರುತ್ತಾ ಏರುತ್ತಾ
ಇನ್ನೇನು ತುದಿ ಮುಟ್ಟಬೇಕು,
ಒಂದು ಕೆಮ್ಮು.

ಅದು ಬ್ಯಾಂಡಿನದಲ್ಲ, ದಾದಾಪೀರನದು.
ಮೆಣಸಿನಕಾಯಿ ಘಾಟು.
ಸ್ಪೀಕರಿನ ಮುಂದೆ ಮೈಕು ಹಿಡಿದು ತುಂಬಿಸುತ್ತಿದ್ದನಲ್ಲ,
ರೈಲ್ವೆ ಗೇಟು ಬಿದ್ದಾಗಿನ ಲಾರಿ ಹಾರ್ನೂ ಅದರೊಳಗಿತ್ತು.
ಮೊನ್ನೆ ನೀನು ಅದೇ ಹಾಡು ಹಾಕಿದೆ, ತೊಳೆದಿಟ್ಟ ಲೋಟದ ಹಾಗೆ.
ಕೆಮ್ಮು ಬರುವ ಜಾಗಕ್ಕೆ ಕಾದೆ.
ಬರಲಿಲ್ಲ.
ಹಾಡಿಗೇ ಏನೋ ಆಗಿದೆ ಅನಿಸಿ
ನಿನ್ನ ಮುಖ ನೋಡಿದೆ. ನೀನು ತಲೆ ಕುಣಿಸುತ್ತಿದ್ದೆ.

ಸೈಡ್ ಬಿ ವಿಷಯ ಯಾರಿಗೂ ಹೇಳಿಲ್ಲ.

ನಿನ್ನ ತಾತ ಬಕ್ಕಪ್ಪ, ಇಪ್ಪತ್ತಾರು ವರ್ಷ
ಹತ್ತಿ ಮಿಲ್ಲಿನ ರಿಂಗ್ ಫ್ರೇಮಿನ ಮುಂದೆ ನಿಂತು
ಎರಡೂ ಕಿವಿ ಅಲ್ಲೇ ಬಿಟ್ಟು ಬಂದವನು.
ಮಿಲ್ಲು ಮುಚ್ಚಿತು. ಅವನಿಗೆ ಮಾತು ಬೇಡವಾಯಿತು,
ನಮಗೆ ಕೂಗಲು ತ್ರಾಣವಿಲ್ಲ.
ಒಂದು ರಾತ್ರಿ, ಅವ್ವ ಹರಿಹರಕ್ಕೆ ಹೋಗಿದ್ದಳು,
ಅಪ್ಪನಿಗೆ ಹೇಗೂ ಕೇಳಿಸುವುದಿಲ್ಲವಲ್ಲ ಅಂತ
ಟೇಪಿನ ಕಿವಿ ಪೂರ್ತಿ ತಿರುವಿದೆ.
ನಾಗಂದಿಗೆಯ ಮೇಲೆ ತಟ್ಟೆಗಳು ನಡೆದಾಡಿದವು.

ಅಪ್ಪ ಎದ್ದು ಬಂದ.
ಬೈಯಲಿಲ್ಲ. ಟೇಪಿನ ಬೆನ್ನ ಮೇಲೆ ಅಂಗೈ ಊರಿ
ತಲೆ ಓರೆ ಮಾಡಿ ನಿಂತ, ಹಾಡು ಮುಗಿಯುವ ತನಕ,
ಮುಂದಿನದೂ ಮುಗಿಯುವ ತನಕ.
ತಿಂಗಳುಗಟ್ಟಲೆ ಬಾಯಿ ಬಿಡದವನು ಆಮೇಲೆ,
"ಎಡಗಡೆ ಒಂದು ಕದಿರು ಅದುರ್ತಾ ಐತೆ,
ಯಾರಾದ್ರೂ ನೋಡ್ರೋ, ನೂಲು ಹರೀತೈತೆ" ಅಂದ.

ಅದು ಬೇಸ್ ಗಿಟಾರು ಅಂತ ನಾನು ಹೇಳಲಿಲ್ಲ.
ಹೊಲಿಗೆ ಮಿಷಿನ್ನಿನ ಎಣ್ಣೆ ಡಬ್ಬಿ ತಂದು ಕೊಟ್ಟೆ.
ಬಾಗಿಲು ತೆಗೆದು, ತಿರುಗುವ ಎರಡು ಹಲ್ಲಿಗೆ
ಒಂದೊಂದೇ ತೊಟ್ಟು, ಮಗುವಿನ ಕಿವಿಗೆ ಬಿಡುವ ಹಾಗೆ ಬಿಟ್ಟ.
ಪಂಚೆಯ ಅಂಚಿನಲ್ಲಿ ಒರೆಸಿದ.
ಹೋಗಿ ಮಲಗಿದ, ಗೊರಕೆ ಹೊಡೆದ.

ಆ ಟೇಪು ಮತ್ತೆ ಹಾಡಲಿಲ್ಲ.

ಹಾಗಾಗಿ ಸೈಡ್ ಬಿಯ ಕೊನೆಯ ಹಾಡು ಯಾವುದೋ
ನನಗೆ ಗೊತ್ತಿಲ್ಲ ಮಗಾ. ಲೇಬಲ್ಲಿನ ಮೇಲೆ ಅಲ್ಲಿ ಎಣ್ಣೆ ಕಲೆ.
ಅದನ್ನೂ ಪಟ್ಟಿಗೆ ಸೇರಿಸಿಕೋ,
ಸಿಕ್ಕಿದರೆ ಸೌಂಡು ಜಾಸ್ತಿ ಇಟ್ಟೇ ಹಾಕು.
ಪಕ್ಕದ ಮನೆಯವರು ಗೋಡೆ ಬಡಿದರೆ
ರಾತ್ರಿ ಪಾಳಿ ಅನ್ನು.